ಆಚೆ ದಡದ ಆಟಗಾರ

ರೋಲಂಡ್ ಎಸೆದ ಚೆಂಡು ಲೈಲ್‌ನ ಎದೆಗೆ ಸರಿಯಾಗಿ ಬಂದು ಕೂತಿತು. ಲೈಲ್ ಇನ್ನಷ್ಟು ಹಿಂದಕ್ಕೆ ಹೋಗಿ ಕೈ ಎತ್ತಿದ. ಈ ಸಲವೂ ಗುರಿ ತಪ್ಪಲಿಲ್ಲ, ಆದರೆ ಚೆಂಡಿನಲ್ಲಿ ಬಿರುಸಿರಲಿಲ್ಲ. ಮೈದಾನದ ತುದಿಗೆ ಹೋಗಿ ನಿಂತಾಗ ಅದು ದಾರಿಯಲ್ಲೇ ಸೋತು ಅವನ ಬೂಟಿನ ಮುಂದೆ ಬಿತ್ತು.

"ಭುಜ ಹೋಯ್ತಾ?" ಲೈಲ್ ಅಲ್ಲಿಂದಲೇ ಕೂಗಿದ.

"ವಯಸ್ಸು ಹೋಯ್ತು, ಕೋಚ್. ಭುಜ ಪಾಪ ಏನ್ಮಾಡತ್ತೆ?"

ಓಹಾಯೋ ನದಿಯ ಆಚೆ ದಡದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಈ ರೋಲಂಡ್ ಕೆಸಿಕ್ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಚೆಂಡು ಎಸೆದು ಇಡೀ ಆಟ ನಡೆಸುವವನು. ಏಳು ವರ್ಷ ಈಚೆ ದಡದವರನ್ನು ಬಿಡದೆ ಸೋಲಿಸಿದ್ದ. ನಲವತ್ತು ಹತ್ತಿರ ಬಂತೆಂದು ಈ ಬೇಸಿಗೆಯಲ್ಲಿ ಅವನ ತಂಡ ಬೇರೊಬ್ಬನನ್ನು ತಂದು ಇವನನ್ನು ಕೈಬಿಟ್ಟಿತು. ಇನ್ನೊಂದೇ ಒಂದು ವರ್ಷ ಆಡಬೇಕೆಂದು ಸೇತುವೆ ದಾಟಿ ಬಂದಿದ್ದ. ಈಚೆ ತಂಡದ ಒಡತಿ ವಿಲ್ಮಾ ಸ್ಟ್ರೌಡ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು: "ಲೈಲ್, ರೋಲಂಡ್ ವಿಷ್ಯದಲ್ಲಿ ನೀನು ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಆದ್ರೆ ಈ ವರ್ಷಾನೂ ಆಚೆಯವ್ರ ಹತ್ರ ಸೋತ್ರೆ, ನಾನು ಬೇರೆ ಕೋಚ್ ಹುಡುಕ್ಬೇಕಾಗತ್ತೆ." ಎದುರಾಳಿಯನ್ನು ತಡೆಯುವ ಪಡೆಗೆ ಲೈಲ್ ಕೋಚ್. ಹಿಂದಿನ ಸೋಲುಗಳೆಲ್ಲ ಅವನ ತಲೆಯ ಮೇಲೇ ಇದ್ದವು.

ಬೆಂಚಿನ ಮೇಲೆ ಕೂತು ನೀರು ಕುಡಿಯುವಾಗ ಲೈಲ್‌ಗೆ ತಡೆಯಲಾಗಲಿಲ್ಲ. "ಒಂದು ಮಾತು ಹೇಳು ಮಾರಾಯ. ನಾನು ನಮ್ಮ ಹುಡುಗ್ರನ್ನೆಲ್ಲ ನಿನ್ನ ಮೇಲೆ ನುಗ್ಸಿದಾಗ್ಲೆಲ್ಲ ನಿಂಗೆ ಮೊದ್ಲೇ ಗೊತ್ತಿರ್ತಿತ್ತು. ಅವ್ರು ಬಂದು ಮುಟ್ಟೋದ್ರೊಳಗೆ ಚೆಂಡು ಎಸೆದುಬಿಡ್ತಿದ್ದೆ. ನಮ್ಮ ಸನ್ನೆಗಳನ್ನ ಕದೀತಿದ್ರಾ?"

"ನಿಮ್ಮ ಸನ್ನೆ ನಿಮ್ಮ ಹುಡುಗ್ರಿಗೇ ಅರ್ಥ ಆಗ್ತಿರ್ಲಿಲ್ಲ, ಕೋಚ್."

"ಮತ್ತೆ ಹೇಗೆ?"

ರೋಲಂಡ್ ಸ್ವಲ್ಪ ಹಿಂಜರಿದ. "ನಿಮ್ಮಿಂದ್ಲೇ. ನುಗ್ಸೋ ಮುಂಚೆ ನೀವು ಪ್ರತಿ ಸಲ ಹಿಂದೆ ತಿರುಗಿ ವಿಲ್ಮಾ ಮೇಡಂ ಕೂತಿರೋ ಕಡೆ ನೋಡ್ತಿದ್ರಿ. ಬೇರೆ ಯಾವ ತಂತ್ರಕ್ಕೂ ನೋಡ್ತಿರ್ಲಿಲ್ಲ. ನೀವು ತಿರುಗಿದ್ರೋ, ನಾನು ಬೇಗ ಎಸೀತಿದ್ದೆ."

ಹಾಗೆ ಎಲ್ಲರನ್ನೂ ನುಗ್ಗಿಸಿದರೆ ಹಿಂದೆ ಕಾಯುವವರಿರುವುದಿಲ್ಲ, ಅದೊಂದು ಜೂಜು. ಕೈಕೊಟ್ಟರೆ ಇಡೀ ಊರು ನಗುತ್ತದೆ, ಕೆಲಸವೂ ಹೋಗಬಹುದು. ತಾನು ತಿರುಗಿ ನೋಡುತ್ತಿದ್ದೆನೆಂದು ಲೈಲ್‌ಗೆ ಈವರೆಗೆ ತಿಳಿದಿರಲಿಲ್ಲ. ಆದರೆ ರೋಲಂಡ್ ಹೇಳಿದ ಕೂಡಲೇ ಅವನ ಕುತ್ತಿಗೆಗೆ ಅದು ನೆನಪಾಯಿತು.

"ಇದನ್ನ ಯಾರಿಗೂ ಹೇಳಲ್ಲ, ಕೋಚ್," ಎಂದ ರೋಲಂಡ್. "ನೀವು ನನ್ನ ಬೇಡ ಅಂದ್ರೂ ಹೇಳಲ್ಲ."

ತೀರ್ಮಾನ ಹೇಳಲು ಲೈಲ್ ರೋಲಂಡ್‌ನನ್ನು ಕರೆದುಕೊಂಡು ವಿಲ್ಮಾಳ ಟೈರ್ ಅಂಗಡಿಗೆ ಹೊರಟ. ಬೇಕು ಅಂದರೆ ಇವನ ಬಾಯಿ ಮುಚ್ಚಿಸಲು ಅಂದಂತಾಗುತ್ತದೆ. ಬೇಡ ಅಂದರೆ ಇವನನ್ನು ಕಣ್ಣಿಂದ ದೂರ ಮಾಡಲು ಅಂದಂತಾಗುತ್ತದೆ. ಎರಡರಲ್ಲಿ ಯಾವುದು ತಂಡಕ್ಕಾಗಿ ಆಡಿದ ಮಾತು, ಯಾವುದು ತನಗಾಗಿ ಆಡಿದ್ದು ಎಂದು ಅವನಿಗೇ ಬಿಡಿಸಲಾಗಲಿಲ್ಲ. ರೋಲಂಡ್‌ನನ್ನು ಹೊರಗೆ ನಿಲ್ಲಿಸಿ ಒಬ್ಬನೇ ಒಳಗೆ ಹೋದ.

"ಕೈ ಹೇಗಿದೆ ಅವನ್ದು?" ವಿಲ್ಮಾ ಕೇಳಿದಳು.

"ದೂರಕ್ಕೆ ಎಸೆಯೋಕಾಗಲ್ಲ. ಹತ್ರಕ್ಕಾದ್ರೆ ನಮ್ಮೋರೆಲ್ಲರಿಗಿಂತ್ಲೂ ಚೆನ್ನಾಗಿ ಎಸೀತಾನೆ."

"ಹಾಗಾದ್ರೆ ಬೇಡ ಬಿಡು. ಸವೆದ ಟೈರು ನನ್ನ ಹತ್ರಾನೇ ಬೇಕಾದಷ್ಟಿವೆ."

"ತಗೊಳ್ಳಿ ವಿಲ್ಮಾ. ಅವನ ಕಣ್ಣು ಸವೆದಿಲ್ಲ." ಬೆಂಚಿನ ಮೇಲೆ ಕೇಳಿದ್ದನ್ನು ಲೈಲ್ ಒಂದೂ ಬಿಡದೆ ಹೇಳಿದ. "ಸೋತಿದ್ದು ಹುಡುಗ್ರಲ್ಲ, ನಾನು. ಅದನ್ನ ಮುಚ್ಚಿಟ್ಟು ಅವನ ವಿಷ್ಯ ಹೇಳಿದ್ರೆ ನನ್ನ ಮಾತಿಗೆ ಬೆಲೆ ಇರಲ್ಲ."

"ನನ್ನ ಕಡೆ ನೋಡ್ತಿದ್ಯಾ?"

"ಹೂಂ."

"ದೇವ್ರೇ! ಗುರುತು ಹಿಡಿದು ಮಾತಾಡಿಸ್ತಿದೀಯ ಅಂದ್ಕೊಂಡು ನಾನು ಪ್ರತಿ ಸಲಾನೂ ಕೈ ಬೀಸ್ತಿದ್ದೆ."

ಅವಳು ನಗುತ್ತಾಳೆಂದು ಲೈಲ್ ಕಾದ. ನಗಲಿಲ್ಲ. ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡು, ಎದ್ದು ಹೋಗಿ ಬಾಗಿಲು ತೆಗೆದಳು.

"ರೋಲಂಡ್, ಒಳಗೆ ಬಾ. ಇವ್ನು ನಿನ್ನ ತಗೊಳ್ಳಿ ಅಂದ, ತಗೊಂಡೆ. ಈಗ ನೀನು ಹೇಳು. ಏಳು ವರ್ಷ ಇವನನ್ನ ನನಗಿಂತ ಚೆನ್ನಾಗಿ ನೋಡಿದೋನು ನೀನು. ಇವನನ್ನ ಇಟ್ಕೊಳ್ಲೋ, ಕಳಿಸ್ಲೋ?"

ರೋಲಂಡ್ ಟೋಪಿ ತೆಗೆದು ಲೈಲ್‌ನ ಮುಖ ನೋಡಿದ.

"ಇವ್ರು ಎದುರಿಗಿದ್ದಾಗ ಗೆಲ್ಲೋದು ಹೇಗೆ ಅಂತ ನಂಗೆ ಗೊತ್ತು, ಮೇಡಂ," ಎಂದ. "ಪಕ್ಕದಲ್ಲಿದ್ರೆ ಏನಾಗತ್ತೋ, ಅದನ್ನ ನಾನೂ ನೋಡ್ಬೇಕು."