ಡಿವೈಡರ್ ಮೇಲಿನ ಉಪಚಾರ

ಮೊದಲು ರೈಲು, ಆಮೇಲೆ ಲಾರಿ, ಅವೆಲ್ಲ ಮುಗಿದ ಮೇಲೆ ಮನುಷ್ಯರು. ನಗರದ ನಿಯಮ ಇಷ್ಟೇ. ಮಗಳ ಬಾಣಂತನಕ್ಕೆಂದು ಹೊರಟ ವನಮಾಲಾ ಹಳಿಯನ್ನೇನೋ ದಾಟಿದಳು. ಲಾರಿ ರಸ್ತೆ ದಾಟಲಾಗದೆ ನಡುವಿನ ಡಿವೈಡರ್ ಮೇಲೆಯೇ ಉಳಿದಳು. ಎದುರಿನ ಮಗಳ ಮನೆಯ ಮಹಡಿಯಲ್ಲಿ ಮೊಮ್ಮಗು ಅಂಬೆಗಾಲಿಟ್ಟಿದ್ದನ್ನೂ ನಡೆದದ್ದನ್ನೂ ಲಾರಿಗಳ ಸಂದಿಯಲ್ಲೇ ನೋಡಿದಳು.

ಒಂದು ಬೆಳಿಗ್ಗೆ, ಅದೇ ಡಿವೈಡರ್ ಮೇಲೆ ಪಕ್ಕದ ಟಾರ್ಪಾಲಿನಡಿ ವಾಸವಿದ್ದ ಕಾತ್ಯಾಯಿನಮ್ಮನ ಜೊತೆ ಅವರೆಕಾಯಿ ಸುಲಿಯುತ್ತಿದ್ದಾಗ ಲಾರಿಗಳೆಲ್ಲ ನಿಂತವು. ರಸ್ತೆ ದಾಟುವವರ ಹಸಿರು ದೀಪ ಹೊತ್ತಿತು. ವನಮಾಲಾ ಚೀಲ ಎತ್ತಿಕೊಂಡು ರಸ್ತೆಗೆ ಕಾಲಿಟ್ಟೇಬಿಟ್ಟಳು.

"ಮುತ್ತೈದೆ, ಕುಂಕುಮ ತಗೊಳ್ದೆ ಹೊರಡ್ತೀರಾ?" ಎಂದರು ಕಾತ್ಯಾಯಿನಮ್ಮ.

ಬೇಡ ಅನ್ನುವುದು ಹೇಗೆ? ವನಮಾಲಾ ಕಾಲು ಹಿಂದಕ್ಕೆಳೆದುಕೊಂಡಳು. ಕಾತ್ಯಾಯಿನಮ್ಮ ಅರಿಶಿನ ಕೊಟ್ಟರು, ಕುಂಕುಮ ಕೊಟ್ಟರು, ನಿಧಾನವಾಗಿ ಎಲೆ ಅಡಿಕೆ ಹುಡುಕತೊಡಗಿದರು. ಅಷ್ಟರಲ್ಲಿ ಲಾರಿಗಳು ಹೊರಟವು.

ವನಮಾಲಾ ಚೀಲ ಕೆಳಗಿಟ್ಟು ಕೂತಳು. ಕಾತ್ಯಾಯಿನಮ್ಮ ಅವರೆಕಾಯಿಯ ಮೊರವನ್ನು ಅವಳತ್ತ ಸರಿಸಿದರು.

"ನೀವು ಬಂದ ದಿನ ನನಗೂ ಹಸಿರು ಬಿದ್ದಿತ್ತು ಕಣ್ರೀ. ಆದ್ರೆ ಬಂದೋರಿಗೆ ನೀರು ಕೊಡದೆ ಎದ್ದು ಹೋಗೋಕಾಗುತ್ತಾ?"