ಪಾಲಿನ ಹಕ್ಕಿ

ಮಳೆಗಾಲದ ಕೊನೆಯ ಸೋಣ ತಿಂಗಳ ಎಳೆಬಿಸಿಲು ಅಪರೂಪಕ್ಕೆ ಅಂಗಳಕ್ಕೆ ಬಿದ್ದಿತ್ತು. ರಾತ್ರಿಯೇ ನೆನೆಸಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಬೀಡಿ ಎಲೆಗಳನ್ನು ಕುಸುಮ ತನ್ನ ಕೋಣೆಯಲ್ಲಿ ಕೂತು ಮಡಿಲ ಮೊರದಂಥ ತಡ್ಪೆಯಲ್ಲಿ ಹಾಕಿಕೊಂಡು ಕತ್ತರಿಸುತ್ತಿದ್ದಳು. ಕೆಂಪು ಮುಖದ ಹೆಣ್ಣು ಹಕ್ಕಿ ಕಿಟಕಿಗೆ ಹೊಡೆದ ಬಲೆಯಿಂದ ಹಾರಿ ಬಂದು ತಡ್ಪೆಯ ಅಂಚಿನಲ್ಲಿ ಕೂತಿತು. ಕತ್ತರಿಸಿಟ್ಟ ಎಲೆಯೊಂದನ್ನು ಕೊಕ್ಕಿನಲ್ಲಿ ನೂಲಿನ ಹಾಗೆ ಸೀಳಿತು. ಸೀಳನ್ನು ಬೆನ್ನ ಹಿಂದಿನ ಗರಿಗಳ ನಡುವೆ ಸಿಕ್ಕಿಸಿಕೊಂಡು ನೇರ ಮೂಲೆಯಲ್ಲಿ ತೂಗುಹಾಕಿದ್ದ ಮಡಕೆಗೆ ಹೋಯಿತು. ಮಡಕೆಯೊಳಗೆ ಕುಸುಮ ಸಾಕಿದ ಜೋಡಿಯ ನಾಲ್ಕು ಮರಿಗಳಿದ್ದವು. ಅವುಗಳ ತಾಯಿ ಮಡಕೆಯ ಬಾಯಿಗೆ ಅಡ್ಡ ನಿಂತು ಕಿರುಚಿತು.

“ಜಿತೇಶ, ಇಲ್ಲಿ ಬಾ ಒಮ್ಮೆ. ನಿನ್ನ ಮಹಾರಾಣಿಗೆ ಗೂಡು ಕಟ್ಟಲಿಕ್ಕೆ ನನ್ನ ಮಡಕೆಯೇ ಆಗಬೇಕಂತೆ.”

ದೋಹಾದಿಂದ ರಜೆಯಲ್ಲಿ ಬಂದಿದ್ದ ತಮ್ಮ ಬಾಗಿಲಿಗೆ ಬಂದು ನಿಂತ. ತನ್ನ ಮಗಳು ಸಾತ್ವಿಕಾಳಿಗೆಂದು ಮಂಗಳೂರಿನಿಂದ ಆ ಕೆಂಪು ಮುಖದ ಜೋಡಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಅಕ್ಕನ ಕೋಣೆಗೆ ಬಿಟ್ಟು ಆ ದಿನಕ್ಕೆ ಐದು ದಿನವಾಗಿತ್ತು.

“ಎಂಥ ಅಕ್ಕ ನಿನ್ನದು? ಅದೂ ಲವ್ ಬರ್ಡ್ಸ್, ನಿನ್ನದೂ ಲವ್ ಬರ್ಡ್ಸ್. ಇದು ಆಫ್ರಿಕಾದ್ದು, ಅಷ್ಟೇ ವ್ಯತ್ಯಾಸ ಅಂತ ಅಂಗಡಿಯವನೇ ಹೇಳಿದ್ದಾನೆ. ಎರಡು ದಿನ ಜಗಳ ಮಾಡ್ತವೆ, ಮತ್ತೆ ಸರಿಯಾಗ್ತದೆ.”

“ಹೆಸರು ಒಂದೇ ಇರಬಹುದು ಮಾರಾಯ, ಕೊಕ್ಕು ನೋಡು!” ಕುಸುಮ ಬಟ್ಟೆ ಸುತ್ತಿದ ಹೆಬ್ಬೆರಳು ಎತ್ತಿ ತೋರಿಸಿದಳು. “ಬಿಡಿಸಲಿಕ್ಕೆ ಹೋದವಳಿಗೇ ಹೀಗೆ. ನನ್ನ ಗಂಡುಹಕ್ಕಿಯ ಒಂದು ಬೆರಳು ಮೊನ್ನೆಯೇ ಹೋಯ್ತು. ತಂತಿಯ ಬಲೆ ತಾ ಅಂತ ಮೂರು ದಿನದಿಂದ ಹೇಳ್ತಾ ಇದ್ದೇನೆ. ನಡುವೆ ಕಟ್ಟುವ. ಅವರಷ್ಟಕ್ಕೆ ಅವರು, ಇವರಷ್ಟಕ್ಕೆ ಇವರು.”

“ನೋಡಿದವರು ಅಕ್ಕ ತಮ್ಮ ಪಾಲಾದ್ರಾ ಅಂತ ಕೇಳಿಯಾರು,” ಎಂದು ಜಿತೇಶ ನಕ್ಕ. “ನಾಳೆ ಮೂಡಬಿದಿರೆಗೆ ಹೋಗ್ಲಿಕ್ಕುಂಟು. ತರ್ತೇನೆ.”

ಹಿಂದಿನ ಮೂರು ದಿನವೂ ಅವನು ಹೇಳಿದ್ದು ಅದೇ. ಹೆಚ್ಚು ಮಾತಾಡಲು ಕುಸುಮಳಿಗೆ ಬಾಯಿ ಬರಲಿಲ್ಲ. ದೋಹಾದ ದುಡ್ಡಿನಲ್ಲಿ ಮನೆಗೆ ಮಹಡಿ ಏರಿದಾಗ, ‘ಆ ಕೋಣೆ ಅಕ್ಕನದು, ಮುಟ್ಟಬೇಡಿ’ ಎಂದು ಮೇಸ್ತ್ರಿಗೆ ಹೇಳಿದವನು ಇವನೇ. ಗಂಡನ ಮನೆ ಬಿಟ್ಟು ಬಂದವಳಿಗೆ ‘ನನ್ನದು’ ಅನ್ನಲು ಇದ್ದದ್ದು ಆ ನಾಲ್ಕು ಗೋಡೆ. ಹಕ್ಕಿಗಳೂ ಪೂರ್ತಿ ಅವಳವಲ್ಲ. ಆಚೆಮನೆಯ ಅವ್ವಮ್ಮ ಕೋಳಿ ಕೊಡುವ ಹಾಗೆ ಪಾಲಿಗೆ ಸಾಕಲು ಕೊಟ್ಟದ್ದು. ಮರಿಗಳಲ್ಲಿ ಅರ್ಧ ಕೊಟ್ಟವರಿಗೆ, ಅರ್ಧ ಸಾಕಿದವರಿಗೆ. ಮುಂಗುಸಿ ಹಿಡಿದರೆ ಇಬ್ಬರಿಗೂ ನಷ್ಟ, ಲೆಕ್ಕವಿಲ್ಲ. ಸಾಕಿದ ಮನೆಯವರೇ ತಿಂದರೆ ಮಾತ್ರ ತುಂಬಿ ಕೊಡಬೇಕು. ಊರಲ್ಲಿ ಹಿಂದಿನಿಂದಲೂ ಇದ್ದ ಮಾತು ಅದು.

ಕಟ್ಟಿಟ್ಟಿದ್ದ ಬೀಡಿಯನ್ನು ಚೀಲಕ್ಕೆ ತುಂಬಿ ಅವಳು ಬೀಡಿ ಕಂಪನಿಯ ಬ್ರಾಂಚಿಗೆ ಹೊರಟಳು. “ನಾನು ಬರುವವರೆಗೆ ಇಲ್ಲೇ ಕೂತ್ಕೋ ಆಯ್ತಾ? ನಿನ್ನ ಹಕ್ಕಿ ಮಡಕೆಯ ಹತ್ತಿರ ಹೋದರೆ ಕೋಲಿನಿಂದ ಓಡಿಸು.”

“ಆಯ್ತು ಮಾರಾಯ್ತಿ. ನೀನು ಹೋಗು.”

ಬ್ರಾಂಚಿನ ಜಗಲಿಯಲ್ಲಿ ಅವ್ವಮ್ಮನೂ ಬೀಡಿ ಕೊಡಲು ಬಂದು ಕೂತಿದ್ದರು. ಹಿಂದಿರುಗುವಾಗ ಜೊತೆಗೇ ನಡೆದರು. “ಇವತ್ತು ನನ್ನ ಪಾಲಿನ ಎರಡನ್ನು ಕೊಂಡುಹೋಗ್ತೇನೆ ಕುಸುಮ. ನಮ್ಮ ಮೊಮ್ಮಗಳು ರಿಫಾ ಗೂಡು ತೊಳೆದಿಟ್ಟು ಬಾಗಿಲಲ್ಲೇ ಕೂತಿದ್ದಾಳೆ. ಹೆಸರೂ ಇಟ್ಟಾಗಿದೆ ಅವಳದ್ದು, ಹಸಿರಿಗೊಂದು, ನೀಲಿಗೊಂದು.”

“ಕೊಂಡುಹೋಗಿ ಅವ್ವಮ್ಮ. ಬೇಗ ಹೋದಷ್ಟು ಒಳ್ಳೆಯದು,” ಎಂದಳು ಕುಸುಮ. ಬಿರಬಿರನೆ ಹೆಜ್ಜೆ ಹಾಕಿದಳು.

ಚಾವಡಿಯಲ್ಲಿ ಟಿವಿಯ ಮುಂದೆ ಜಿತೇಶ ಕಾಲು ಚಾಚಿ ಕೂತಿದ್ದ. ಕ್ರಿಕೆಟ್. ಓಡಿಸುವ ಕೋಲು ಕೋಣೆಯ ಬಾಗಿಲಿಗೆ ಒರಗಿತ್ತು. ಕುಸುಮ ಬಾಗಿಲು ತೆರೆದಳು.

ಮಡಕೆಯ ಕೆಳಗೆ ನೆಲದಲ್ಲಿ ನಾಲ್ಕು ಮರಿಗಳೂ ಬಿದ್ದಿದ್ದವು. ಹಸಿರು ಎರಡು, ನೀಲಿ ಎರಡು. ತಲೆಗಳು ಕೆಂಪಾಗಿದ್ದವು. ತಾಯಿಹಕ್ಕಿ ಎಲೆಯ ಗೋಣಿಯ ಸಂದಿಯಲ್ಲಿ ಮುದುಡಿ ಕೂತಿತ್ತು, ಒಂದು ಕಾಲು ಊರಲಾಗದೆ. ಅದರ ಗಂಡು ಕಿಟಕಿಯ ಬಲೆಗೆ ಅಂಟಿಕೊಂಡು ಹೊರಗೆ ನೋಡುತ್ತಿತ್ತು. ಮೇಲೆ ಮಡಕೆಯೊಳಗಿಂದ ಬೀಡಿ ಎಲೆ ಸೀಳುವ ಸದ್ದು ಬರುತ್ತಿತ್ತು.

“ಯಾ ಅಲ್ಲಾ,” ಎಂದು ಅವ್ವಮ್ಮ ಹೊಸಿಲಲ್ಲೇ ನಿಂತರು.

ಜಿತೇಶ ಎದ್ದು ಬಂದವನು ನೆಲ ನೋಡಿದ, ಅವ್ವಮ್ಮನ ಕೈಯ ಖಾಲಿ ಬುಟ್ಟಿ ನೋಡಿದ. “ಮುಂಗುಸಿ ಬಂದಿರಬೇಕು ಅವ್ವಮ್ಮ,” ಎಂದ. “ಕಿಟಕಿಯ ಬಲೆ ಹಳತು.”

ಅವ್ವಮ್ಮ ಕಿಟಕಿಯ ಬಲೆಯನ್ನು ನೋಡಿದರು. ಎಲ್ಲಿಯೂ ತೂತು ಇರಲಿಲ್ಲ. ಮಡಕೆಯ ಬಾಯಿಂದ ಹೊರಗೆ ಇಣುಕಿದ ಕೆಂಪು ಮುಖವನ್ನೂ ನೋಡಿದರು. ಕುಸುಮಳ ಬೆರಳಿನ ಬಟ್ಟೆಯ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತಿತು.

“ಹೌದು, ಮುಂಗುಸಿಯೇ ಇರಬೇಕು,” ಎಂದರು ಮೆಲ್ಲಗೆ. “ಬಿಡು ಕುಸುಮ. ನಿನ್ನದೂ ಹೋಯ್ತು, ನನ್ನದೂ ಹೋಯ್ತು. ಮುಂಗುಸಿ ಹಿಡಿದದ್ದಕ್ಕೆ ಲೆಕ್ಕ ಇಲ್ಲ.”

“ಅದೇ ನಾನೂ ಹೇಳುವುದು,” ಎಂದ ಜಿತೇಶ. “ನಾಳೆ ಖಂಡಿತ ಬಲೆ ತರ್ತೇನೆ ಅಕ್ಕ.”

ಕುಸುಮ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮರಿಯನ್ನು ಎತ್ತಿ ತಡ್ಪೆಯಲ್ಲಿ ಸಾಲಾಗಿ ಮಲಗಿಸಿದಳು, ಬೀಡಿ ಜೋಡಿಸುವ ಹಾಗೆ. ತಲೆ ಎತ್ತಲಿಲ್ಲ.

“ಮುಂಗುಸಿ ಅಲ್ಲ ಅವ್ವಮ್ಮ. ನಿಮ್ಮ ಎರಡು ಮರಿ ನನ್ನ ಮೇಲೆ ಉಂಟು,” ಎಂದಳು. “ಮನೆಯವರೇ ತಿಂದದ್ದು.”