ಇಂಥವರ ಹೆಸರು

ಸಾವಿನ ಮನೆಯ ಮಾತನ್ನು ಹೊರಗೆ ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ತಾಯಿಯ ಶವಪೆಟ್ಟಿಗೆ ಗುಂಡಿಗೆ ಇಳಿದಾಗ, ಪಾದ್ರಿಯಾಗಲೆಂದು ಲೂಥರನ್ ಸೆಮಿನರಿಯಲ್ಲಿ ಓದುತ್ತಿದ್ದ ಮಗನ ಕೈಗೆ ಪಾದ್ರಿಗಳು ಆರಾಧನಾ ಪುಸ್ತಕ ಕೊಟ್ಟರು. "ಕೊನೇ ಮಾತು ನೀನೇ ಓದಪ್ಪ. ಮಗನೇ ಓದ್ಬೇಕು ಅಂತ ಅಮ್ಮ ಬಾಯ್ಬಿಟ್ಟು ಕೇಳಿದ್ರು."

ಸತ್ತವರ ಹೆಸರು ಹೇಳಬೇಕಾದ ಕಡೆ ಪುಸ್ತಕದಲ್ಲಿ 'ಇಂಥವರ' ಎಂದು ಅಚ್ಚಾಗಿತ್ತು. ತರಗತಿಯಲ್ಲಿ ಖಾಲಿ ಪೆಟ್ಟಿಗೆಯ ಮುಂದೆ ಅವನು ಅದನ್ನು ಹಾಗೆಯೇ ಓದಿ ಓದಿ ರೂಢಿ ಮಾಡಿಕೊಂಡಿದ್ದ. ಈಗಲೂ ಒಂದಕ್ಷರ ತಡವರಿಸಲಿಲ್ಲ: "ನಮ್ಮ ಸಹೋದರಿ ಇಂಥವರ ದೇಹವನ್ನು ಮಣ್ಣಿಗೆ ಒಪ್ಪಿಸುತ್ತೇವೆ."

ಅಕ್ಕ ತೋಳು ಹಿಡಿದು ಜಗ್ಗಿದಳು. "ಅಮ್ಮಂಗೆ ಹೆಸರಿಲ್ವೇನೋ?"

ಅವನು ಬೆರಳನ್ನು ಸಾಲಿನ ಮೊದಲಿಗೆ ತಂದು, ಅದೇ ದನಿಯಲ್ಲಿ ಇನ್ನೊಮ್ಮೆ ಓದಿದ: "ಇಂಥವರ." ಹೆಸರು ಮರೆತಿತ್ತೋ, ಹೇಳಲು ಆಗಲಿಲ್ಲವೋ, ಗೊತ್ತಿಲ್ಲ.